ಫೈಲ್ ಓದುವ ಲೂಪನ್ನು ಮತ್ತೆ ಕಟ್ಟಿದ ಬಗೆ: ಒಂದು ಕೋಬಾಲ್ ಪ್ರೋಗ್ರಾಮಿನ ದುರಸ್ತಿ

ದುರಸ್ತಿಗೆ ಬಂದದ್ದು ವ್ಯವಹಾರದ ಲೆಕ್ಕಗಳಿಗೆಂದು ಬಳಸುವ ಕೋಬಾಲ್ ಭಾಷೆಯಲ್ಲಿ ಬರೆದ ಒಂದು ಹಳೆಯ ಬ್ಯಾಚ್ ಪ್ರೋಗ್ರಾಮು, ಅಂದರೆ ನಡುವೆ ಯಾರನ್ನೂ ಕೇಳದೆ ಇಡೀ ಫೈಲನ್ನು ಒಂದೇ ಸಲಕ್ಕೆ ಸಂಸ್ಕರಿಸುವಂಥದ್ದು. ಗ್ರಾಹಕ ಸಂಖ್ಯೆಯ ಕ್ರಮದಲ್ಲಿ ಸಾರ್ಟ್ ಆಗಿ ಬರುವ ಬಿಲ್ ಫೈಲನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಪ್ರತಿ ಗ್ರಾಹಕನಿಗೆ ಒಂದು ಮೊತ್ತದ ಸಾಲನ್ನೂ ವರದಿಯ ತುದಿಯಲ್ಲಿ ಮಹಾಮೊತ್ತವನ್ನೂ ಮುದ್ರಿಸುವುದು, ಆಮೇಲೆ ಅದೇ ಬಿಲ್ಲುಗಳನ್ನು ಪ್ರತಿ ಗ್ರಾಹಕನ ಲೆಕ್ಕವಿರುವ ಮಾಸ್ಟರ್ ಫೈಲಿಗೆ ಸೇರಿಸುವುದು ಅದರ ಕೆಲಸ. ದೂರು ಇದ್ದದ್ದು ಮಹಾಮೊತ್ತದ ಬಗ್ಗೆ. ಬಿಲ್ ಫೈಲನ್ನು ತಯಾರಿಸುವ ಪ್ರೋಗ್ರಾಮು ಕೊಡುವ ಮೊತ್ತಕ್ಕಿಂತ ಈ ವರದಿಯ ಮೊತ್ತ ಯಾವಾಗಲೂ ಹೆಚ್ಚಾಗಿರುತ್ತಿತ್ತು, ಆದರೆ ಎಷ್ಟು ಹೆಚ್ಚು ಎಂಬುದು ಒಂದು ರನ್ನಿನಿಂದ ಇನ್ನೊಂದಕ್ಕೆ ಬದಲಾಗುತ್ತಿತ್ತು. ಹಳೆಯ ವರದಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ಒಂದು ಸಂಗತಿ ಸ್ಪಷ್ಟವಾಯಿತು: ವ್ಯತ್ಯಾಸವು ಪ್ರತಿ ಸಲವೂ ಫೈಲಿನ ಕಟ್ಟಕಡೆಯ ಬಿಲ್ಲಿನ ಮೊತ್ತಕ್ಕೆ ಸರಿಯಾಗಿ ಸಮನಾಗಿತ್ತು.

ಇಲ್ಲಿ ಕೊಟ್ಟಿರುವ ತುಣುಕುಗಳಲ್ಲಿ ಕೋಬಾಲಿನ ಕೀವರ್ಡುಗಳನ್ನು ಉಚ್ಚಾರಣೆಗೆ ತಕ್ಕಂತೆ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ, ಪ್ಯಾರಾಗ್ರಾಫುಗಳಿಗೂ (ಹೆಸರಿಟ್ಟ ಕೋಡಿನ ತುಂಡುಗಳಿಗೂ) ಫೀಲ್ಡುಗಳಿಗೂ ಕನ್ನಡದ ಹೆಸರುಗಳನ್ನು ಕೊಟ್ಟಿದ್ದೇನೆ. ಪರ್ಫಾರ್ಮ್ ಎಂದರೆ ಆ ತುಂಡನ್ನು ನಡೆಸು, ಅಂಟಿಲ್ ಎಂದರೆ ಷರತ್ತು ನಿಜವಾಗುವವರೆಗೆ, ಅಟ್ ಎಂಡ್ ಎಂದರೆ ಫೈಲ್ ಮುಗಿದಿದ್ದರೆ. ಮೂಲ ಲೂಪಿನ ಸಾರ ಹೀಗಿತ್ತು:

    ಓಪನ್ ಇನ್‌ಪುಟ್ ಬಿಲ್-ಫೈಲ್.
    ಪರ್ಫಾರ್ಮ್ ಮುಖ್ಯ-ಲೂಪ್ ಅಂಟಿಲ್ ಮುಗಿದ-ಗುರುತು = 1.
    ಕ್ಲೋಸ್ ಬಿಲ್-ಫೈಲ್.

    ಮುಖ್ಯ-ಲೂಪ್.
        ರೀಡ್ ಬಿಲ್-ಫೈಲ್ ಅಟ್ ಎಂಡ್ ಮೂವ್ 1 ಟು ಮುಗಿದ-ಗುರುತು.
        ಆಡ್ ಬಿಲ್-ಮೊತ್ತ ಟು ಮಹಾ-ಮೊತ್ತ.

ಮೇಲ್ನೋಟಕ್ಕೆ ಇದು ಸರಿಯಾಗಿಯೇ ಕಾಣುತ್ತದೆ, ಇಂಗ್ಲಿಷ್ ವಾಕ್ಯದ ಹಾಗೆ ಓದಿಸಿಕೊಂಡೂ ಹೋಗುತ್ತದೆ. ಆದ್ದರಿಂದ ಓದುವುದನ್ನು ಬಿಟ್ಟು, ಮೂರೇ ರೆಕಾರ್ಡುಗಳ ಒಂದು ಫೈಲನ್ನು ಮಾಡಿ ಕೈಯಲ್ಲೇ ಲೆಕ್ಕ ಹಾಕುತ್ತ ಹೋದೆ. ಮೊತ್ತಗಳು 100, 250 ಮತ್ತು 400. ಬರಬೇಕಾದ ಉತ್ತರ 750. ಮೊದಲ ಮೂರು ಸುತ್ತುಗಳಲ್ಲಿ ರೀಡ್ ಯಶಸ್ವಿಯಾಗಿ ಮಹಾಮೊತ್ತ 100, 350, 750 ಎಂದು ಏರುತ್ತದೆ. ಮೂರನೆಯ ರೆಕಾರ್ಡನ್ನು ಓದಿದಾಗ ಫೈಲಿನಲ್ಲಿ ಇನ್ನೇನೂ ಉಳಿದಿಲ್ಲ ಎಂಬುದು ಪ್ರೋಗ್ರಾಮಿಗೆ ಗೊತ್ತಾಗಿರುವುದಿಲ್ಲ, ಏಕೆಂದರೆ ಒಂದಾದ ಮೇಲೊಂದರಂತೆ ಓದುವ ಸೀಕ್ವೆನ್ಷಿಯಲ್ ರೀಡ್ ತಾನು ತಂದ ರೆಕಾರ್ಡಿನ ಬಗ್ಗೆ ಮಾತ್ರ ಹೇಳುತ್ತದೆ, ಮುಂದೆ ಇನ್ನೊಂದು ಇದೆಯೇ ಇಲ್ಲವೇ ಎಂಬುದನ್ನು ಹೇಳುವುದಿಲ್ಲ. ಹಾಗಾಗಿ ಗುರುತು ಸೊನ್ನೆಯಾಗಿಯೇ ಉಳಿದು ನಾಲ್ಕನೆಯ ಸುತ್ತು ಶುರುವಾಗುತ್ತದೆ. ಈ ಸಲ ರೀಡ್ ವಿಫಲವಾಗುತ್ತದೆ, ಅಟ್ ಎಂಡ್ ಭಾಗ ಗುರುತನ್ನು 1 ಮಾಡುತ್ತದೆ, ಮತ್ತು ನಿಯಂತ್ರಣ ಸುಮ್ಮನೆ ಮುಂದಿನ ವಾಕ್ಯಕ್ಕೆ ಇಳಿಯುತ್ತದೆ. ಓದಿದ ರೆಕಾರ್ಡ್ ಬಂದು ಕೂರುವ ರೆಕಾರ್ಡ್ ಏರಿಯಾದಲ್ಲಿ ಹಿಂದಿನ 400 ಇನ್ನೂ ಕುಳಿತಿರುವುದರಿಂದ ಅದು ಮತ್ತೊಮ್ಮೆ ಸೇರಿ ಮಹಾಮೊತ್ತ 1150 ಆಗುತ್ತದೆ. ಪರ್ಫಾರ್ಮ್ ಅಂಟಿಲ್ ತನ್ನ ಷರತ್ತನ್ನು ಪರೀಕ್ಷಿಸುವುದು ಪ್ಯಾರಾಗ್ರಾಫ್ ಶುರುವಾಗುವ ಮುನ್ನ ಮಾತ್ರ. ನಡುವೆ ಗುರುತು ಬದಲಾದರೂ ಆ ಸುತ್ತನ್ನು ಅರ್ಧಕ್ಕೆ ನಿಲ್ಲಿಸುವುದಿಲ್ಲ.

ಹಳೆಯ 400 ಅಲ್ಲಿ ಉಳಿದಿದ್ದುದೂ ಕೇವಲ ಆಕಸ್ಮಿಕ. ಅಟ್ ಎಂಡ್ ಸ್ಥಿತಿಯ ನಂತರ ರೆಕಾರ್ಡ್ ಏರಿಯಾದಲ್ಲಿ ಏನಿರಬೇಕು ಎಂಬುದನ್ನು ಕೋಬಾಲ್ ಸ್ಟ್ಯಾಂಡರ್ಡ್ ನಿಗದಿ ಮಾಡುವುದಿಲ್ಲ. ಒಂದು ಕಂಪೈಲರಿನಲ್ಲಿ ಕೊನೆಯ ರೆಕಾರ್ಡ್ ಹಾಗೆಯೇ ಉಳಿಯಬಹುದು, ಇನ್ನೊಂದರಲ್ಲಿ ಬಫರಿನ ಬೇರೆ ಯಾವುದೋ ಭಾಗ ಕಾಣಿಸಬಹುದು. ಒಂದೇ ಒಂದು ರೆಕಾರ್ಡೂ ಇಲ್ಲದ ಫೈಲನ್ನು ಕೊಟ್ಟರೆ ಈ ಅಪಾಯ ಇನ್ನೂ ಚೆನ್ನಾಗಿ ಕಾಣುತ್ತದೆ: ಮೊದಲ ರೀಡೇ ವಿಫಲವಾಗುತ್ತದೆ, ಆದರೂ ಪ್ರೋಗ್ರಾಮು ಎಂದೂ ತುಂಬಿಸದ ಜಾಗವೊಂದನ್ನು ಮೊತ್ತವೆಂದು ಕೂಡಿಸಲು ಹೊರಡುತ್ತದೆ. ಆ ಫೀಲ್ಡ್ ಒಂದು ಬೈಟಿಗೆ ಎರಡು ಅಂಕಿಗಳನ್ನು ಅಡಕ ಮಾಡುವ ಪ್ಯಾಕ್ಡ್ ಡೆಸಿಮಲ್ ಆಗಿದ್ದು, ಯಂತ್ರವು ಐಬಿಎಂ ಮೇನ್‌ಫ್ರೇಮ್ ಆಗಿದ್ದು, ಆ ಜಾಗದಲ್ಲಿ ಸರಿಯಾದ ಅಂಕಿಗಳು ಇಲ್ಲದಿದ್ದರೆ ಎಸ್0ಸಿ7 ಎಂಬ ಡೇಟಾ ಎಕ್ಸೆಪ್ಷನ್ ಬಂದು ಕೆಲಸ ಅಲ್ಲಿಗೇ ನಿಲ್ಲುತ್ತದೆ. ಹಾಗೆ ನಿಲ್ಲುವುದು ಒಂದು ಬಗೆಯಲ್ಲಿ ಒಳ್ಳೆಯದೇ, ಏಕೆಂದರೆ ದೋಷ ಕಣ್ಣಿಗೆ ಬೀಳುತ್ತದೆ. ನಿಲ್ಲದೆ ತಪ್ಪು ಮೊತ್ತವನ್ನು ಅಚ್ಚುಕಟ್ಟಾಗಿ ಮುದ್ರಿಸುವುದು ವ್ಯವಹಾರದ ಲೆಕ್ಕಕ್ಕೆ ಹೆಚ್ಚು ಕೆಡುಕು.

ಇಷ್ಟು ಸ್ಪಷ್ಟವಾದ ದೋಷ ಇಷ್ಟು ಕಾಲ ಹೇಗೆ ಅಡಗಿತ್ತು ಎಂಬ ಪ್ರಶ್ನೆಗೆ ಉತ್ತರ ಕೋಡಿನ ಇನ್ನೊಂದು ಮೂಲೆಯಲ್ಲಿ ಸಿಕ್ಕಿತು. ರೆಕಾರ್ಡಿನ ಮೊದಲ ಅಕ್ಷರ ಟ್ರೇಲರ್ ಎಂದು ಸೂಚಿಸಿದರೆ ಅದನ್ನು ಬಿಟ್ಟು ಮುಂದೆ ಹೋಗುವ ಒಂದು ಇಫ್ ಅಲ್ಲಿತ್ತು. ಹಿಂದೆ ಬಿಲ್ ಫೈಲಿನ ಕೊನೆಯಲ್ಲಿ ರೆಕಾರ್ಡುಗಳ ಸಂಖ್ಯೆಯನ್ನೂ ಒಟ್ಟು ಮೊತ್ತವನ್ನೂ ಹೊತ್ತ ಒಂದು ಟ್ರೇಲರ್ ರೆಕಾರ್ಡ್ ಬರುತ್ತಿತ್ತು, ಹಾಗಾಗಿ ಕೊನೆಯ ರೆಕಾರ್ಡನ್ನು ಎರಡು ಬಾರಿ ಸಂಸ್ಕರಿಸಿದರೂ ಎರಡು ಬಾರಿ ಬಿಟ್ಟುಬಿಡುತ್ತಿದ್ದದ್ದು ಆ ಟ್ರೇಲರನ್ನು ಮಾತ್ರ. ಫೈಲಿನ ರೂಪ ಬದಲಾಗಿ ಆ ವಿವರಗಳು ಪ್ರತ್ಯೇಕ ನಿಯಂತ್ರಣ ವರದಿಗೆ ಹೋದ ಮೇಲೆ ಕೊನೆಯಲ್ಲಿ ಉಳಿದದ್ದು ನಿಜವಾದ ಬಿಲ್ಲು. ಅಂದಿನಿಂದ ಅದು ಎರಡು ಬಾರಿ ಎಣಿಕೆಗೆ ಬರತೊಡಗಿತು. ದೋಷ ಲೂಪಿನಲ್ಲಿ ಮೊದಲಿನಿಂದಲೂ ಇತ್ತು. ಡೇಟಾದ ರೂಪ ಅದನ್ನು ಮುಚ್ಚಿಟ್ಟಿತ್ತು.

ಓದುವ ಕೆಲಸ ಎಲ್ಲಿರಬೇಕು

ಎಲ್ಲಕ್ಕಿಂತ ಸಣ್ಣ ತೇಪೆಯೆಂದರೆ ಕೂಡಿಸುವ ವಾಕ್ಯವನ್ನು ಗುರುತು ಇನ್ನೂ ಸೊನ್ನೆಯಾಗಿದ್ದರೆ ಮಾತ್ರ ನಡೆಯುವಂತೆ ಒಂದು ಇಫ್ ಒಳಗೆ ಇಡುವುದು. ಅದಕ್ಕಿಂತ ನೇರವಾದದ್ದು 1985ರ ಸ್ಟ್ಯಾಂಡರ್ಡ್ ತಂದ ನಾಟ್ ಅಟ್ ಎಂಡ್ ಭಾಗ ಮತ್ತು ಎಂಡ್-ರೀಡ್ ಎಂಬ ಮುಕ್ತಾಯ ಸೂಚಕ. ರೀಡ್ ಯಶಸ್ವಿಯಾದಾಗ ಮಾತ್ರ ಮಾಡಬೇಕಾದ ಕೆಲಸವನ್ನು ನಾಟ್ ಅಟ್ ಎಂಡ್ ಒಳಗೆ ಇಟ್ಟರೆ ನಾಲ್ಕನೆಯ ಸುತ್ತು ಯಾವ ಹಾನಿಯನ್ನೂ ಮಾಡದೆ ಮುಗಿಯುತ್ತದೆ. ಪ್ರತಿ ರೆಕಾರ್ಡೂ ತನ್ನ ಪಾಡಿಗೆ ತಾನು ಸ್ವತಂತ್ರವಾಗಿರುವ ಕೆಲಸಗಳಿಗೆ, ಉದಾಹರಣೆಗೆ ಒಂದು ಫೈಲನ್ನು ಬೇರೆ ವಿನ್ಯಾಸಕ್ಕೆ ಬದಲಾಯಿಸಿ ಬರೆಯುವುದಕ್ಕೆ, ಈ ರೂಪ ಸಾಕು. ಅಲ್ಲಿ ಇನ್ನೇನನ್ನೂ ಬಯಸುವುದು ಅನಗತ್ಯ.

ನಮ್ಮ ಪ್ರೋಗ್ರಾಮು ಹಾಗಿರಲಿಲ್ಲ. ಒಬ್ಬ ಗ್ರಾಹಕನ ಬಿಲ್ಲುಗಳು ಮುಗಿದವು ಎಂಬುದು ಗೊತ್ತಾಗುವುದೇ ಮುಂದಿನ ಗ್ರಾಹಕನ ಬಿಲ್ಲನ್ನು ಕಂಡಾಗ ಅಥವಾ ಫೈಲೇ ಮುಗಿದಾಗ. ಅಂದರೆ ಈಗಿನ ಗುಂಪಿನ ಬಗ್ಗೆ ತೀರ್ಮಾನ ತೆಗೆದುಕೊಳ್ಳಲು ಮುಂದಿನ ರೆಕಾರ್ಡ್ ಆಗಲೇ ಕೈಯಲ್ಲಿರಬೇಕು. ಲೂಪಿನ ತಲೆಯಲ್ಲಿ ರೀಡ್ ಇದ್ದರೆ ಇದು ಸಾಧ್ಯವಿಲ್ಲ. ಷರತ್ತನ್ನು ಪರೀಕ್ಷಿಸುವ ಹೊತ್ತಿಗೆ ಕೈಯಲ್ಲಿರುವುದು ಆಗಲೇ ಸಂಸ್ಕರಿಸಿ ಮುಗಿಸಿದ ಹಳೆಯ ರೆಕಾರ್ಡು. ಆದ್ದರಿಂದ ರೀಡನ್ನು ಅಲ್ಲಿಂದ ಎತ್ತಿ ಎರಡು ಕಡೆ ಇಟ್ಟೆ: ಫೈಲನ್ನು ತೆರೆದ ಕೂಡಲೇ ಒಮ್ಮೆ, ಆಮೇಲೆ ಪ್ರತಿ ರೆಕಾರ್ಡಿನ ಕೆಲಸ ಮುಗಿದ ಕೂಡಲೇ ಒಮ್ಮೆ. 1970ರ ದಶಕದಲ್ಲಿ ಜಾಕ್ಸನ್ ಸ್ಟ್ರಕ್ಚರ್ಡ್ ಪ್ರೋಗ್ರಾಮಿಂಗ್ ಎಂಬ ವಿಧಾನದ ಜೊತೆಗೆ ಬೆಳೆದ ಈ ಪದ್ಧತಿಯನ್ನು ಕೆಲವರು ಮುಂಗಡ ಓದು ಎನ್ನುತ್ತಾರೆ, ಕೋಬಾಲ್ ಬಳಗದಲ್ಲಿ ಮೊದಲ ರೀಡಿಗೆ ಪ್ರೈಮಿಂಗ್ ರೀಡ್ ಎಂದೇ ಹೆಸರು. ಕೆಳಗಿನ ಬಿಲ್-ಓದು ಎಂಬುದು ರೀಡ್ ಇರುವ ಪ್ಯಾರಾಗ್ರಾಫು, ಪ್ರತಿ-ಮೊತ್ತ ಎಂಬುದು ಓದಿದ ಬಿಲ್ಲಿನ ನಕಲಿನಲ್ಲಿರುವ ಮೊತ್ತ; ಎರಡರ ವಿವರವೂ ಮುಂದೆ ಬರುತ್ತದೆ.

    ಪರ್ಫಾರ್ಮ್ ಬಿಲ್-ಓದು
    ಪರ್ಫಾರ್ಮ್ ಅಂಟಿಲ್ ಬಿಲ್-ಮುಗಿದಿದೆ
        ಆಡ್ ಪ್ರತಿ-ಮೊತ್ತ ಟು ಮಹಾ-ಮೊತ್ತ
        ಪರ್ಫಾರ್ಮ್ ಬಿಲ್-ಓದು
    ಎಂಡ್-ಪರ್ಫಾರ್ಮ್

ಅದೇ ಮೂರು ರೆಕಾರ್ಡುಗಳನ್ನು ಇದರಲ್ಲಿ ಓಡಿಸಿದರೆ ಲೂಪಿನ ಒಡಲು ಮೂರೇ ಬಾರಿ ನಡೆಯುತ್ತದೆ. ನಾಲ್ಕನೆಯ ರೀಡ್ ಮೂರನೆಯ ಸುತ್ತಿನ ಕೊನೆಯ ವಾಕ್ಯವಾಗಿ ವಿಫಲವಾಗುತ್ತದೆ ಮತ್ತು ಅದರ ಬೆನ್ನಿಗೇ ಷರತ್ತಿನ ಪರೀಕ್ಷೆ ಬರುತ್ತದೆ. ವೈಫಲ್ಯಕ್ಕೂ ಪರೀಕ್ಷೆಗೂ ನಡುವೆ ನುಸುಳಲು ಬೇರಾವ ವಾಕ್ಯಕ್ಕೂ ಜಾಗವಿಲ್ಲ. ಖಾಲಿ ಫೈಲಾದರೆ ಮೊದಲ ರೀಡೇ ಗುರುತನ್ನು ಏರಿಸುತ್ತದೆ, ಒಡಲು ಒಮ್ಮೆಯೂ ನಡೆಯುವುದಿಲ್ಲ. ಲೂಪಿನ ಬಾಗಿಲಲ್ಲಿ ನಿಂತಾಗಲೆಲ್ಲ ಒಂದು ಮಾತು ನಿಜವಾಗಿರುತ್ತದೆ: ಒಂದೋ ಇನ್ನೂ ಸಂಸ್ಕರಿಸದ ಒಂದೇ ಒಂದು ರೆಕಾರ್ಡ್ ಕೈಯಲ್ಲಿದೆ, ಇಲ್ಲವೇ ಫೈಲ್ ಮುಗಿದಿದೆ. ಈ ದುರಸ್ತಿಯ ಉಳಿದ ಭಾಗವೆಲ್ಲ ಇದೊಂದು ಮಾತನ್ನು ಕಾಪಾಡಿಕೊಳ್ಳುವ ಕೆಲಸವೇ ಆಗಿತ್ತು.

ರೀಡ್ ಎರಡು ಕಡೆ ಬರುತ್ತದೆ ಎಂಬುದು ಈ ರೂಪದ ವಿರುದ್ಧ ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪ. ಎರಡು ಕಡೆ ಬರುವುದು ಪರ್ಫಾರ್ಮ್ ಮಾತ್ರ. ನಿಜವಾದ ರೀಡ್ ಒಂದೇ ಪ್ಯಾರಾಗ್ರಾಫಿನಲ್ಲಿ ಇರುತ್ತದೆ. ಹಳೆಯ ಪ್ರೋಗ್ರಾಮಿನಲ್ಲಿ ಇದೇ ಫೈಲಿಗೆ ಹಲವು ಕಡೆ ರೀಡ್‌ಗಳು ಚದುರಿದ್ದವು ಮತ್ತು ಒಂದೊಂದೂ ಫೈಲಿನ ಅಂತ್ಯವನ್ನು ತನ್ನದೇ ರೀತಿಯಲ್ಲಿ ನಿಭಾಯಿಸುತ್ತಿತ್ತು. ಒಂದು ಫೈಲಿಗೆ ಒಂದೇ ರೀಡ್ ವಾಕ್ಯ ಎಂಬುದನ್ನು ನಾನು ಬಹಳ ಕಟ್ಟುನಿಟ್ಟಾಗಿ ಪಾಲಿಸುತ್ತೇನೆ. ಎಣಿಕೆ, ಸ್ಟೇಟಸ್ ಪರೀಕ್ಷೆ, ಸಾರ್ಟ್ ಕ್ರಮದ ಪರೀಕ್ಷೆ ಇವೆಲ್ಲಕ್ಕೂ ಆಗ ತಾನಾಗಿಯೇ ಒಂದು ನೆಲೆ ಸಿಗುತ್ತದೆ.

ಚದುರಿದ್ದ ಆ ರೀಡ್‌ಗಳಲ್ಲಿ ಒಂದನ್ನು ಇಲ್ಲಿ ಹೇಳಲೇಬೇಕು. ಅದರ ಅಟ್ ಎಂಡ್ ಸಾಲಿನ ತುದಿಯಲ್ಲಿ ಪೂರ್ಣವಿರಾಮದ ಚುಕ್ಕೆ ಇರಲಿಲ್ಲ. ಮುಂದಿನ ಸಾಲಿನಲ್ಲಿ ಎಣಿಕೆಯನ್ನು ಒಂದರಿಂದ ಹೆಚ್ಚಿಸುವ ಆಡ್ ವಾಕ್ಯವಿತ್ತು, ಇಂಡೆಂಟೇಷನ್ ನೋಡಿದರೆ ಅದು ರೀಡ್‌ನಿಂದ ಪ್ರತ್ಯೇಕವೆಂದೇ ಯಾರಾದರೂ ಹೇಳುತ್ತಾರೆ. ಆದರೆ ಎಂಡ್-ರೀಡ್ ಇಲ್ಲದ ಕೋಡಿನಲ್ಲಿ ಅಟ್ ಎಂಡ್ ಭಾಗ ಮುಗಿಯುವುದು ಚುಕ್ಕೆ ಸಿಕ್ಕಾಗ ಮಾತ್ರ, ಆದ್ದರಿಂದ ಆ ಆಡ್ ಕೂಡ ಅಟ್ ಎಂಡ್ ಒಳಗೆ ಸೇರಿಹೋಗಿತ್ತು. ಪರಿಣಾಮವಾಗಿ ಎಷ್ಟೇ ರೆಕಾರ್ಡುಗಳಿದ್ದರೂ ಓದಿದ ಎಣಿಕೆ ಯಾವಾಗಲೂ 1 ಎಂದೇ ಬರುತ್ತಿತ್ತು. ಕಂಪೈಲರಿಗೆ ಇಂಡೆಂಟೇಷನ್ ಕಾಣುವುದಿಲ್ಲ, ನಮ್ಮ ಕಣ್ಣಿಗೆ ಚುಕ್ಕೆ ಕಾಣುವುದಿಲ್ಲ. ಎಂಡ್-ರೀಡ್, ಎಂಡ್-ಇಫ್, ಎಂಡ್-ಪರ್ಫಾರ್ಮ್ ಸಿಗುವ ಕಂಪೈಲರಿನಲ್ಲಿ ಚುಕ್ಕೆಯನ್ನು ಪ್ಯಾರಾಗ್ರಾಫಿನ ಕೊನೆಗೊಂದು ಮಾತ್ರ ಇಡುವುದೇ ಸುರಕ್ಷಿತ, ಮತ್ತು ಇಡೀ ಪ್ರೋಗ್ರಾಮನ್ನು ಆ ರೀತಿಗೆ ತಂದ ಮೇಲೆಯೇ ಉಳಿದ ಬದಲಾವಣೆಗಳಿಗೆ ಕೈ ಹಾಕಿದೆ.

ಅಂತ್ಯವೂ ಅಲ್ಲದ, ಯಶಸ್ಸೂ ಅಲ್ಲದ ಸ್ಥಿತಿ

ಹಳೆಯ ಲೂಪಿಗೆ ಎರಡೇ ಸಾಧ್ಯತೆಗಳು ಗೊತ್ತಿದ್ದವು: ರೆಕಾರ್ಡ್ ಬಂತು ಅಥವಾ ಫೈಲ್ ಮುಗಿಯಿತು. ಬಿಲ್ ಫೈಲಿನ ಹೆಸರನ್ನು ಬದಲಾಯಿಸಿ ಪ್ರೋಗ್ರಾಮನ್ನು ಓಡಿಸಿದಾಗ ಅದು ನಿಲ್ಲಲೇ ಇಲ್ಲ. ಫೈಲನ್ನು ಪರಿಚಯಿಸುವ ಸೆಲೆಕ್ಟ್ ಭಾಗದಲ್ಲಿ, ಪ್ರತಿ ಕ್ರಿಯೆಯ ಫಲಿತಾಂಶವನ್ನು ಎರಡಂಕಿಯ ಸಂಕೇತವಾಗಿ ಹೇಳುವ ಫೈಲ್ ಸ್ಟೇಟಸ್ ಫೀಲ್ಡನ್ನು ಘೋಷಿಸಲಾಗಿತ್ತು, ಆದರೆ ಅದನ್ನು ಯಾರೂ ಎಲ್ಲಿಯೂ ಪರೀಕ್ಷಿಸುತ್ತಿರಲಿಲ್ಲ. ಸ್ಟೇಟಸ್ ಫೀಲ್ಡ್ ಇರುವುದರಿಂದ ದೋಷವನ್ನು ಪ್ರೋಗ್ರಾಮೇ ನೋಡಿಕೊಳ್ಳುತ್ತದೆ ಎಂದು ರನ್‌ಟೈಮ್ ಭಾವಿಸಿ ಮುಂದೆ ಬಿಡುತ್ತದೆ. ಓಪನ್ 35 ಕೊಟ್ಟಿತು, ಅಂದರೆ ಫೈಲ್ ಸಿಗಲಿಲ್ಲ. ನಂತರದ ಪ್ರತಿ ರೀಡ್ 47 ಕೊಟ್ಟಿತು, ಅಂದರೆ ಇನ್‌ಪುಟ್‌ಗಾಗಿ ತೆರೆಯದ ಫೈಲನ್ನು ಓದುವ ಯತ್ನ. ಅಟ್ ಎಂಡ್ ಭಾಗ ನಡೆಯುವುದು 1ರಿಂದ ಶುರುವಾಗುವ ಸ್ಟೇಟಸ್‌ಗಳಿಗೆ, ಮುಖ್ಯವಾಗಿ 10ಕ್ಕೆ. 47 ಆ ಗುಂಪಿಗೆ ಸೇರಿಲ್ಲ. ಹಾಗಾಗಿ ಗುರುತು ಎಂದೂ ಏರಲಿಲ್ಲ, ಲೂಪ್ ಕೊನೆಯಿಲ್ಲದೆ ಸುತ್ತಿತು. ಹೊಸ ಓದುವ ಪ್ಯಾರಾಗ್ರಾಫ್ ಹೀಗೆ ರೂಪುಗೊಂಡಿತು:

    ಬಿಲ್-ಓದು.
        ರೀಡ್ ಬಿಲ್-ಫೈಲ್ ಇಂಟು ಬಿಲ್-ಪ್ರತಿ
            ಅಟ್ ಎಂಡ್ ಕಂಟಿನ್ಯೂ
        ಎಂಡ್-ರೀಡ್
        ಇವ್ಯಾಲ್ಯುಯೇಟ್ ಬಿಲ್-ಸ್ಟೇಟಸ್
            ವೆನ್ '00'
                ಆಡ್ 1 ಟು ಓದಿದ-ಎಣಿಕೆ
            ವೆನ್ '10'
                ಸೆಟ್ ಬಿಲ್-ಮುಗಿದಿದೆ ಟು ಟ್ರೂ
                ಮೂವ್ ಹೈ-ವ್ಯಾಲ್ಯೂಸ್ ಟು ಪ್ರತಿ-ಗ್ರಾಹಕ
            ವೆನ್ ಅದರ್
                ಪರ್ಫಾರ್ಮ್ ದೋಷ-ನಿಲುಗಡೆ
        ಎಂಡ್-ಇವ್ಯಾಲ್ಯುಯೇಟ್.

ಬಿಲ್-ಮುಗಿದಿದೆ ಎಂಬುದು 88 ಲೆವೆಲಿನ ಷರತ್ತಿನ ಹೆಸರು, ಅಂದರೆ ಒಂದು ಫೀಲ್ಡಿನ ನಿರ್ದಿಷ್ಟ ಬೆಲೆಗೆ ಕೊಟ್ಟ ಹೆಸರು. ಗುರುತನ್ನು 1ಕ್ಕೋ ಬೇರಾವುದೋ ಅಕ್ಷರಕ್ಕೋ ಹೋಲಿಸುವ ಬದಲು ಷರತ್ತನ್ನೇ ಹೆಸರಿಟ್ಟು ಕರೆದರೆ, ಬೇರೆ ಬೇರೆ ಕಡೆಗಳಲ್ಲಿ ಬೇರೆ ಬೇರೆ ಬೆಲೆಗೆ ಹೋಲಿಸುವ ಗೊಂದಲಕ್ಕೆ ಅವಕಾಶವಿರುವುದಿಲ್ಲ. ದೋಷ-ನಿಲುಗಡೆ ಪ್ಯಾರಾಗ್ರಾಫ್ ಫೈಲಿನ ಹೆಸರು, ನಡೆಯುತ್ತಿದ್ದ ಕ್ರಿಯೆ, ಸ್ಟೇಟಸ್ ಮತ್ತು ಅಲ್ಲಿಯವರೆಗೆ ಓದಿದ ಎಣಿಕೆಯನ್ನು ತೋರಿಸಿ, ಸೊನ್ನೆಯಲ್ಲದ ರಿಟರ್ನ್ ಕೋಡಿನೊಂದಿಗೆ ಕೆಲಸವನ್ನು ನಿಲ್ಲಿಸುತ್ತದೆ. ಓಪನ್ ಆದ ಮೇಲೂ ಅದೇ ಪರೀಕ್ಷೆಯಿದೆ. ರೆಕಾರ್ಡಿನ ಉದ್ದ ಹೊಂದುತ್ತಿಲ್ಲ ಎಂದು ಹೇಳುವ 04 ಯಶಸ್ಸಿನ ಗುಂಪಿಗೇ ಸೇರಿದ್ದರೂ ಇಲ್ಲಿ ಅದು ವೆನ್ ಅದರ್‌ಗೆ ಬಿದ್ದು ನಿಲ್ಲುತ್ತದೆ. ಅದನ್ನು ಉದ್ದೇಶಪೂರ್ವಕವಾಗಿ ಹಾಗೆ ಬಿಟ್ಟೆ, ಏಕೆಂದರೆ ಉದ್ದ ತಪ್ಪಿದ ಬಿಲ್ಲಿನಲ್ಲಿ ಮೊತ್ತದ ಫೀಲ್ಡ್ ಸರಿಯಾದ ಜಾಗದಲ್ಲಿದೆ ಎಂದು ನಂಬಲು ಆಧಾರವಿಲ್ಲ.

ರೀಡ್ ಇಂಟು ಬಳಸಿದ್ದಕ್ಕೂ ಕಾರಣವಿದೆ. ಫೈಲಿನ ರೆಕಾರ್ಡ್ ಏರಿಯಾ ಅಂತ್ಯದ ನಂತರ ನಂಬಲರ್ಹವಲ್ಲ, ಆದರೆ ವರ್ಕಿಂಗ್-ಸ್ಟೋರೇಜಿನ ಬಿಲ್-ಪ್ರತಿ ನಮ್ಮದೇ ಜಾಗ. ರೀಡ್ ವಿಫಲವಾದಾಗ ಇಂಟು ಭಾಗದ ಮೂವ್ ನಡೆಯುವುದಿಲ್ಲ, ಆದ್ದರಿಂದ ಅಂತ್ಯದಲ್ಲಿ ಅಲ್ಲಿ ಏನಿರಬೇಕು ಎಂಬುದನ್ನು ನಾವೇ ತೀರ್ಮಾನಿಸಬಹುದು. ಕೀ ಫೀಲ್ಡಿಗೆ, ಅಂದರೆ ಗ್ರಾಹಕ ಸಂಖ್ಯೆಗೆ, ಹೈ-ವ್ಯಾಲ್ಯೂಸ್ ಎಂಬ ಅತಿ ದೊಡ್ಡ ಬೆಲೆಯನ್ನು ತುಂಬಿದ್ದರ ಪ್ರಯೋಜನ ಮುಂದೆ ಬರುತ್ತದೆ.

ಗುಂಪಿಗೊಂದು ಲೂಪ್

ಗ್ರಾಹಕನ ಮೊತ್ತದ ಭಾಗವೇ ಈ ಕೆಲಸದಲ್ಲಿ ಹೆಚ್ಚು ಸಮಯ ಬೇಡಿದ್ದು, ಹೆಚ್ಚು ಸಂತೋಷ ಕೊಟ್ಟದ್ದೂ ಅದೇ. ಹಳೆಯ ವಿಧಾನದಲ್ಲಿ ಒಂದೇ ಲೂಪ್ ಇತ್ತು. ಪ್ರತಿ ರೆಕಾರ್ಡಿನ ಗ್ರಾಹಕ ಸಂಖ್ಯೆಯನ್ನು ಹಿಂದಿನದಕ್ಕೆ ಹೋಲಿಸಿ, ಬೇರೆಯಾಗಿದ್ದರೆ ಹಿಂದಿನವರ ಮೊತ್ತ ಮುದ್ರಿಸಿ, ಸೊನ್ನೆ ಮಾಡಿ ಮುಂದುವರಿಯುವುದು ಅದರ ಕ್ರಮ. ಮೊದಲ ರೆಕಾರ್ಡಿಗೆ ಹಿಂದಿನದು ಎಂಬುದೇ ಇಲ್ಲದ ಕಾರಣ ಮೊದಲ-ಸಲ ಎಂಬ ಇನ್ನೊಂದು ಗುರುತು ಬೇಕಾಗಿತ್ತು. ಕೊನೆಯ ಗ್ರಾಹಕನ ನಂತರ ಬೇರೆ ಗ್ರಾಹಕ ಬರದ ಕಾರಣ ಲೂಪಿನ ಹೊರಗೆ ಮತ್ತೊಮ್ಮೆ ಮುದ್ರಣದ ಪ್ಯಾರಾಗ್ರಾಫನ್ನು ಕರೆಯಬೇಕಾಗಿತ್ತು. ಫೈಲ್ ಖಾಲಿಯಿದ್ದರೆ ಆ ಕೊನೆಯ ಕರೆ ನಡೆಯಬಾರದು ಎಂದು ಅದಕ್ಕೂ ಒಂದು ಇಫ್ ಬೇಕಾಗಿತ್ತು. ಸಾಲದ್ದಕ್ಕೆ, ಗುಂಪು ಬದಲಾದದ್ದು ಗೊತ್ತಾಗುವಾಗ ರೆಕಾರ್ಡ್ ಏರಿಯಾದಲ್ಲಿ ಹೊಸ ಗ್ರಾಹಕನಿರುವುದರಿಂದ, ಹಳೆಯ ಗ್ರಾಹಕನ ಮೊತ್ತದ ಪಕ್ಕದಲ್ಲಿ ಹೊಸ ಗ್ರಾಹಕನ ಹೆಸರು ಮುದ್ರಣವಾಗುವ ಅಪಾಯ ಸದಾ ಇತ್ತು.

ಈ ಗುರುತುಗಳೆಲ್ಲ ಬೇಕಾದದ್ದು ಫೈಲಿನ ರೂಪವೊಂದು, ಕೋಡಿನ ರೂಪ ಇನ್ನೊಂದು ಆಗಿದ್ದರಿಂದ. ಫೈಲ್ ಎಂದರೆ ಗುಂಪುಗಳ ಸಾಲು, ಗುಂಪು ಎಂದರೆ ರೆಕಾರ್ಡುಗಳ ಸಾಲು. ಹಾಗಾದರೆ ಲೂಪಿನೊಳಗೆ ಲೂಪ್ ಇರಬೇಕು:

    ಪರ್ಫಾರ್ಮ್ ಬಿಲ್-ಓದು
    ಪರ್ಫಾರ್ಮ್ ಅಂಟಿಲ್ ಬಿಲ್-ಮುಗಿದಿದೆ
        ಮೂವ್ ಪ್ರತಿ-ಗ್ರಾಹಕ ಟು ಹಿಡಿದ-ಗ್ರಾಹಕ
        ಮೂವ್ ಪ್ರತಿ-ಹೆಸರು ಟು ಹಿಡಿದ-ಹೆಸರು
        ಮೂವ್ ಝೀರೋ ಟು ಗ್ರಾಹಕ-ಮೊತ್ತ
        ಪರ್ಫಾರ್ಮ್ ಅಂಟಿಲ್ ಬಿಲ್-ಮುಗಿದಿದೆ
                ಆರ್ ಪ್ರತಿ-ಗ್ರಾಹಕ ನಾಟ್ = ಹಿಡಿದ-ಗ್ರಾಹಕ
            ಆಡ್ ಪ್ರತಿ-ಮೊತ್ತ ಟು ಗ್ರಾಹಕ-ಮೊತ್ತ
            ಪರ್ಫಾರ್ಮ್ ಬಿಲ್-ಓದು
        ಎಂಡ್-ಪರ್ಫಾರ್ಮ್
        ಪರ್ಫಾರ್ಮ್ ಗ್ರಾಹಕ-ಸಾಲು-ಬರೆ
        ಆಡ್ ಗ್ರಾಹಕ-ಮೊತ್ತ ಟು ಮಹಾ-ಮೊತ್ತ
    ಎಂಡ್-ಪರ್ಫಾರ್ಮ್

ಇಲ್ಲಿ ಮೊದಲ-ಸಲ ಎಂಬ ಗುರುತು ಇಲ್ಲ, ಲೂಪಿನ ಹೊರಗಿನ ಹೆಚ್ಚುವರಿ ಮುದ್ರಣವೂ ಇಲ್ಲ. ಗುಂಪಿನ ಆರಂಭದಲ್ಲಿ ಮಾಡಬೇಕಾದದ್ದು ಒಳಗಿನ ಲೂಪಿನ ಮುಂಚೆ, ಗುಂಪಿನ ಅಂತ್ಯದಲ್ಲಿ ಮಾಡಬೇಕಾದದ್ದು ಅದರ ನಂತರ ಬರೆದಿದೆ; ಕೊನೆಯ ಗ್ರಾಹಕನಿಗೂ ನಡುವಿನ ಗ್ರಾಹಕನಿಗೂ ಯಾವ ವ್ಯತ್ಯಾಸವೂ ಉಳಿಯಲಿಲ್ಲ. ಹೆಸರನ್ನು ಗುಂಪಿನ ಆರಂಭದಲ್ಲೇ ಹಿಡಿದಿಟ್ಟುಕೊಂಡಿರುವುದರಿಂದ ಮುದ್ರಣದ ಹೊತ್ತಿಗೆ ಕೈಯಲ್ಲಿ ಯಾವ ರೆಕಾರ್ಡಿದೆ ಎಂಬ ಚಿಂತೆಯಿಲ್ಲ. ಗಮನಿಸಬೇಕಾದದ್ದು ಒಳಗಿನ ಲೂಪಿನ ಷರತ್ತಿನಲ್ಲಿ ಬಿಲ್-ಮುಗಿದಿದೆ ಎಂಬುದೂ ಇರಬೇಕು ಎನ್ನುವುದು. ಕೀಗೆ ಹೈ-ವ್ಯಾಲ್ಯೂಸ್ ತುಂಬಿರುವಾಗ ಎರಡನೆಯ ಭಾಗವೊಂದೇ ಸಾಕಾಗುತ್ತದೆ ಎಂಬುದು ನಿಜ, ಆದರೂ ಮುಂದೆ ಓದುವವರಿಗೆ ಅದು ತಾನಾಗಿ ಹೊಳೆಯಬೇಕು ಎಂದು ನಿರೀಕ್ಷಿಸುವುದು ನ್ಯಾಯವಲ್ಲ. ವಲಯ, ಶಾಖೆ, ಗ್ರಾಹಕ ಎಂದು ಹಂತಗಳು ಹೆಚ್ಚಾದರೆ ಪ್ರತಿ ಹಂತಕ್ಕೂ ಒಂದು ಲೂಪ್ ಸೇರುತ್ತದೆ, ಮತ್ತು ಒಳಗಿನ ಪ್ರತಿ ಲೂಪೂ ತನ್ನ ಹೊರಗಿನ ಎಲ್ಲ ಹಂತಗಳ ಬದಲಾವಣೆಯನ್ನೂ ತನ್ನ ಷರತ್ತಿನಲ್ಲಿ ಸೇರಿಸಿಕೊಳ್ಳುತ್ತದೆ. ಇದನ್ನು ಬಿಟ್ಟರೆ, ಶಾಖೆ ಬದಲಾಗಿ ಗ್ರಾಹಕ ಸಂಖ್ಯೆ ಮಾತ್ರ ಒಂದೇ ಇರುವ ಎರಡು ಗುಂಪುಗಳು ಸದ್ದಿಲ್ಲದೆ ಕೂಡಿಕೊಳ್ಳುತ್ತವೆ.

ಬಿಡಬೇಕಾದ ರೆಕಾರ್ಡುಗಳ ವಿಷಯದಲ್ಲಿ ಈ ರೂಪಕ್ಕೆ ಒಂದು ನಿಜವಾದ ಅಪಾಯವಿದೆ. ರದ್ದಾದ ಬಿಲ್ಲುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂಬ ನಿಯಮವಿತ್ತು. ಒಳಗಿನ ಲೂಪಿನಲ್ಲಿ, ಬಿಲ್ ರದ್ದಾಗಿದ್ದರೆ ಎಕ್ಸಿಟ್ ಪರ್ಫಾರ್ಮ್ ಸೈಕಲ್ ಎಂದು ಬರೆದರೆ ನಿಯಂತ್ರಣ ಲೂಪಿನ ಕೊನೆಯ ರೀಡನ್ನು ಹಾರಿ ಷರತ್ತಿಗೆ ಹೋಗುತ್ತದೆ, ಅದೇ ರದ್ದಾದ ಬಿಲ್ ಮತ್ತೆ ಕೈಯಲ್ಲಿರುತ್ತದೆ, ಪ್ರೋಗ್ರಾಮು ಅಲ್ಲಿಯೇ ಸುತ್ತುತ್ತ ಉಳಿಯುತ್ತದೆ. ಹಳೆಯ ಕೋಡುಗಳಲ್ಲಿ ಕಾಣುವ ನೆಕ್ಸ್ಟ್ ಸೆಂಟೆನ್ಸ್ ಇನ್ನೂ ಅನಿರೀಕ್ಷಿತ: ಅದು ಮುಂದಿನ ಚುಕ್ಕೆಯವರೆಗೆ ಹಾರುವುದರಿಂದ ಒಳಗೇ ಬರೆದ ಪರ್ಫಾರ್ಮಿನಿಂದ ಪೂರ್ತಿ ಹೊರಗೆ ಬಂದುಬಿಡುತ್ತದೆ. ಇಫ್ ಒಳಗೆ ಮತ್ತೊಂದು ರೀಡ್ ಸೇರಿಸುವ ದಾರಿಯೂ ಇದೆ, ಆದರೆ ಅದು ಮತ್ತೆ ರೀಡ್‌ಗಳನ್ನು ಚದುರಿಸುವ ದಾರಿ. ನಾನು ಸೋಸುವ ಕೆಲಸವನ್ನು ಒಂದು ಮೆಟ್ಟಿಲು ಕೆಳಗಿಳಿಸಿದೆ. ಬಿಲ್-ಓದು ಇದ್ದಂತೆಯೇ ಇದೆ. ಅದರ ಮೇಲೆ ಮುಂದಿನ-ಬಿಲ್ ಎಂಬ ಪ್ಯಾರಾಗ್ರಾಫ್ ಬಂದಿದೆ. ಇದು ಬಿಲ್-ಓದುವನ್ನು ಒಮ್ಮೆ ಕರೆದು, ಕೈಗೆ ಬಂದದ್ದು ರದ್ದಾದ ಬಿಲ್ ಆಗಿರುವವರೆಗೆ ಮತ್ತು ಫೈಲ್ ಮುಗಿಯದಿರುವವರೆಗೆ, ಬಿಟ್ಟ ಎಣಿಕೆಯನ್ನು ಹೆಚ್ಚಿಸುತ್ತ ಮತ್ತೆ ಕರೆಯುತ್ತದೆ. ಲೂಪುಗಳು ಈಗ ಮುಂದಿನ-ಬಿಲ್ಲನ್ನು ಮಾತ್ರ ಬಲ್ಲವು. ಅವುಗಳ ದೃಷ್ಟಿಯಲ್ಲಿ ರದ್ದಾದ ಬಿಲ್ಲುಗಳು ಫೈಲಿನಲ್ಲಿ ಇಲ್ಲವೇ ಇಲ್ಲ, ಆದ್ದರಿಂದ ಎಲ್ಲ ಬಿಲ್ಲುಗಳೂ ರದ್ದಾಗಿರುವ ಗ್ರಾಹಕನಿಗೆ ಸೊನ್ನೆ ಮೊತ್ತದ ಸಾಲು ಬರುವುದಿಲ್ಲ. ಅಂಥ ಸಾಲು ಬೇಕೇ ಬೇಡವೇ ಎಂಬುದು ವ್ಯವಹಾರದವರು ತೀರ್ಮಾನಿಸಬೇಕಾದ ಪ್ರಶ್ನೆ. ಇಲ್ಲಿ ಬೇಡ ಎಂಬ ಉತ್ತರ ಬಂತು. ಬೇಕೆಂದಿದ್ದರೆ ಸೋಸುವ ಕೆಲಸ ಒಳಗಿನ ಲೂಪಿನಲ್ಲೇ, ಕೂಡಿಸುವ ವಾಕ್ಯದ ಸುತ್ತ ಒಂದು ಇಫ್ ಆಗಿ ಉಳಿಯುತ್ತಿತ್ತು.

ಎರಡು ಫೈಲುಗಳು, ಅದೇ ನಿಯಮ

ಮಾಸ್ಟರ್ ಫೈಲಿನ ಭಾಗದಲ್ಲಿ ಕೋಡಿನ ಒಂದು ಜಾಗದಿಂದ ಇನ್ನೊಂದಕ್ಕೆ ನೇರ ಜಿಗಿಯುವ ಗೋ ಟುಗಳ ದಟ್ಟ ಜಾಲವಿತ್ತು. ಬಿಲ್ ಫೈಲ್ ಮೊದಲು ಮುಗಿದರೆ ಒಂದು ದಾರಿ, ಮಾಸ್ಟರ್ ಮೊದಲು ಮುಗಿದರೆ ಇನ್ನೊಂದು ದಾರಿ, ಎರಡೂ ಒಟ್ಟಿಗೆ ಮುಗಿದರೆ ಮತ್ತೊಂದು. ಹೈ-ವ್ಯಾಲ್ಯೂಸ್ ಈ ಕವಲುಗಳನ್ನೆಲ್ಲ ತೆಗೆದುಹಾಕುತ್ತದೆ. ಪ್ರತಿ ಬೈಟಿನಲ್ಲೂ ಎಲ್ಲ ಬಿಟ್‌ಗಳು 1 ಆಗಿರುವ ಆ ಕೀ ಯಾವ ನಿಜವಾದ ಗ್ರಾಹಕ ಸಂಖ್ಯೆಗಿಂತಲೂ ದೊಡ್ಡದು, ಹಾಗಾಗಿ ಮುಗಿದ ಫೈಲ್ ಹೋಲಿಕೆಯಲ್ಲಿ ತಾನಾಗಿಯೇ ಹಿಂದೆ ಸರಿದು ನಿಲ್ಲುತ್ತದೆ, ಇನ್ನೊಂದು ಫೈಲ್ ಖಾಲಿಯಾಗುವವರೆಗೆ ನಡೆಯುತ್ತದೆ. ಎರಡೂ ಕೀಗಳು ಹೈ-ವ್ಯಾಲ್ಯೂಸ್ ಆಗುವವರೆಗೆ ಲೂಪ್ ಸುತ್ತುತ್ತದೆ, ಒಳಗೆ ಮೂರೇ ಕವಲುಗಳಿವೆ. ಮಾಸ್ಟರಿನ ಕೀ ಚಿಕ್ಕದಾದರೆ ಆ ಮಾಸ್ಟರಿಗೆ ಇನ್ನು ಬಿಲ್ಲುಗಳಿಲ್ಲ: ಅದನ್ನು ಹೊಸ ಮಾಸ್ಟರಿಗೆ ಬರೆದು ಮುಂದಿನ ಮಾಸ್ಟರನ್ನು ಓದಬೇಕು. ಎರಡೂ ಸಮನಾದರೆ ಬಿಲ್ಲಿನ ಮೊತ್ತವನ್ನು ಮಾಸ್ಟರಿಗೆ ಸೇರಿಸಿ ಮುಂದಿನ ಬಿಲ್ಲನ್ನು ಮಾತ್ರ ಓದಬೇಕು, ಏಕೆಂದರೆ ಅದೇ ಗ್ರಾಹಕನಿಗೆ ಇನ್ನೊಂದು ಬಿಲ್ ಇರಬಹುದು. ಬಿಲ್ಲಿನ ಕೀ ಚಿಕ್ಕದಾದರೆ ಮಾಸ್ಟರ್ ಇಲ್ಲದ ಗ್ರಾಹಕನ ಬಿಲ್ ಅದು: ದೋಷಗಳ ಪಟ್ಟಿಗೆ ಹಾಕಿ ಮುಂದಿನ ಬಿಲ್ಲನ್ನು ಓದಬೇಕು. ಪ್ರತಿ ಕವಲೂ ತಾನು ಕೆಲಸ ಮುಗಿಸಿದ ರೆಕಾರ್ಡ್ ಯಾವ ಫೈಲಿನದೋ ಆ ಫೈಲನ್ನು ಮಾತ್ರ ಓದುತ್ತದೆ. ಒಂದು ಫೈಲಿನ ಲೂಪಿಗೆ ಹೇಳಿದ ನಿಯಮವೇ ಇದು, ಎರಡು ಫೈಲುಗಳಿಗೆ ಅನ್ವಯಿಸಿದೆ ಅಷ್ಟೇ.

ಇದಕ್ಕೆ ಎರಡು ಕಾವಲುಗಳು ಬೇಕು. ಒಂದನೆಯದು, ಕೀ ಫೀಲ್ಡ್ ಅಕ್ಷರಗಳ ಬಗೆಯದಾಗಿರಬೇಕು. ಅಂಕಿಗಳ ಬಗೆಯ ಫೀಲ್ಡಿಗೆ ಹೈ-ವ್ಯಾಲ್ಯೂಸ್ ಮೂವ್ ಮಾಡುವುದು ಸಲ್ಲದು. ಮಾಸ್ಟರಿನ ಗ್ರಾಹಕ ಸಂಖ್ಯೆ ಅಂಕಿಗಳ ಬಗೆಯದಾಗಿದ್ದರಿಂದ ಅದನ್ನು, ಒಂದೇ ಜಾಗಕ್ಕೆ ಇನ್ನೊಂದು ಹೆಸರನ್ನೂ ಬಗೆಯನ್ನೂ ಕೊಡುವ ರೀಡಿಫೈನ್ಸ್ ಮೂಲಕ ಅಕ್ಷರಗಳ ಫೀಲ್ಡಾಗಿಯೂ ಹೆಸರಿಸಿ ಹೋಲಿಕೆಗೆ ಆ ಹೆಸರನ್ನೇ ಬಳಸಿದೆ. ಎರಡನೆಯದು, ಎರಡೂ ಫೈಲುಗಳು ಒಂದೇ ಕ್ರಮದಲ್ಲಿ ಸಾರ್ಟ್ ಆಗಿರಬೇಕು. ಕ್ರಮ ತಪ್ಪಿದರೆ ಈ ಲೂಪ್ ಯಾವ ಎಚ್ಚರಿಕೆಯನ್ನೂ ಕೊಡದೆ ಒಳ್ಳೆಯ ಬಿಲ್ಲುಗಳನ್ನು ದೋಷಗಳ ಪಟ್ಟಿಗೆ ತಳ್ಳುತ್ತದೆ. ಐಬಿಎಂ ಮೇನ್‌ಫ್ರೇಮುಗಳ ಅಕ್ಷರ ಸಂಕೇತವಾದ ಎಬ್ಸಿಡಿಕ್‌ನಲ್ಲಿ ಅಕ್ಷರಗಳು ಮೊದಲು, ಅಂಕಿಗಳು ಆಮೇಲೆ. ಬೇರೆ ಯಂತ್ರಗಳಲ್ಲಿ ಸಾಮಾನ್ಯವಾದ ಆಸ್ಕಿಯಲ್ಲಿ ಅಂಕಿಗಳು ಮೊದಲು. ಮೇನ್‌ಫ್ರೇಮಿನಲ್ಲಿ ಸಾರ್ಟ್ ಆದ ಫೈಲನ್ನು ಬೇರೆ ಯಂತ್ರಕ್ಕೆ ತಂದು ಹೋಲಿಸುವಾಗ, ಅಕ್ಷರ ಮತ್ತು ಅಂಕಿ ಬೆರೆತ ಸಂಖ್ಯೆಗಳಿದ್ದರೆ, ಅಲ್ಲಿ ಸರಿಯಾಗಿದ್ದ ಕ್ರಮ ಇಲ್ಲಿ ತಪ್ಪಾಗುತ್ತದೆ. ಆದ್ದರಿಂದ ಪ್ರತಿ ಓದುವ ಪ್ಯಾರಾಗ್ರಾಫಿನಲ್ಲೂ ಹೊಸ ಕೀ ಹಿಂದಿನದಕ್ಕಿಂತ ಚಿಕ್ಕದಾದರೆ ಕೂಡಲೇ ನಿಲ್ಲಿಸುವ ಪರೀಕ್ಷೆಯನ್ನು ಸೇರಿಸಿದೆ. ಒಂದು ಫೈಲಿಗೆ ಒಂದೇ ರೀಡ್ ಇದ್ದುದರಿಂದ ಅದಕ್ಕೆ ಒಂದೊಂದು ಇಫ್ ಸಾಕಾಯಿತು.

ಕೋಬಾಲಿನ ಆಚೆಗೂ ಈ ಸಮಸ್ಯೆ ಇದೇ ಮುಖದಲ್ಲಿ ಎದುರಾಗುತ್ತದೆ. ಸಿ ಭಾಷೆಯಲ್ಲಿ ಫೈಲಿನ ಅಂತ್ಯವನ್ನು ಹೇಳುವ ಎಫ್‌ಇಒಎಫ್ ಫಂಕ್ಷನ್ ನಿಜವಾಗುವುದು ಓದುವ ಯತ್ನವೊಂದು ಸೋತ ಮೇಲೆಯೇ, ಆದ್ದರಿಂದ ಅದನ್ನು ಲೂಪಿನ ಷರತ್ತಾಗಿ ಇಟ್ಟರೆ ಕೊನೆಯ ಸಾಲು ಎರಡು ಬಾರಿ ಬರುತ್ತದೆ. ಪ್ಯಾಸ್ಕಲ್ ಇದಕ್ಕೆ ಹೊರತು, ಅಲ್ಲಿ ಮುಂದಿನ ಅಂಶದ ಮೇಲೆ ಮೊದಲೇ ಕಣ್ಣಿಟ್ಟಿರುವುದರಿಂದ ಓದುವ ಮುಂಚೆಯೇ ಅಂತ್ಯ ಗೊತ್ತಾಗುತ್ತದೆ. ಪೈಥಾನಿನ ಫಾರ್ ಲೂಪ್ ಇದನ್ನೆಲ್ಲ ಮರೆಮಾಡುತ್ತದೆ, ಆದರೆ ಗುಂಪುಗಳ ಮೊತ್ತ ಬೇಕಾದಾಗ ಹಿಂದಿನ ಕೀ ಮತ್ತು ಕೊನೆಯ ಗುಂಪಿನ ತೊಂದರೆ ಅಲ್ಲಿಯೂ ತಲೆ ಎತ್ತುತ್ತದೆ. ಡೇಟಾಬೇಸಿನ ಕರ್ಸರಿನಿಂದ ಒಂದೊಂದೇ ಸಾಲನ್ನು ಫೆಚ್ ಮಾಡುವಾಗ, ಫಲಿತಾಂಶದ ಸಂಕೇತವಾದ ಎಸ್‌ಕ್ಯೂಎಲ್‌ಕೋಡ್ 100 ಬಂದರೆ ಸಾಲುಗಳು ಮುಗಿದವು, ಋಣ ಸಂಖ್ಯೆ ಬಂದರೆ ದೋಷ. 100 ಆಗುವವರೆಗೆ ಎಂದು ಬರೆದ ಲೂಪ್ ದೋಷ ಬಂದಾಗ ನಿಲ್ಲದೇ ಹೋಗಬಹುದು. ಸೊನ್ನೆಯಲ್ಲದಾಗ ನಿಲ್ಲಲಿ ಎಂದು ಬರೆದ ಲೂಪ್ ದೋಷವನ್ನೇ ಅಂತ್ಯವೆಂದು ತಿಳಿದು ಅರ್ಧ ಲೆಕ್ಕವನ್ನು ಪೂರ್ತಿಯೆಂದು ಒಪ್ಪಿಸಬಹುದು. ಎರಡನೆಯದು ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ.

ಪರೀಕ್ಷೆಗೆ ದೊಡ್ಡ ಫೈಲುಗಳು ಬೇಕಾಗಲಿಲ್ಲ. ಖಾಲಿ ಫೈಲ್; ಒಂದೇ ಬಿಲ್; ಒಬ್ಬನೇ ಗ್ರಾಹಕನ ಎರಡು ಬಿಲ್; ಇಬ್ಬರು ಗ್ರಾಹಕರ ಒಂದೊಂದು ಬಿಲ್; ಮೊದಲನೆಯದು ರದ್ದಾದದ್ದು; ಕೊನೆಯದು ರದ್ದಾದದ್ದು; ಎಲ್ಲವೂ ರದ್ದಾದದ್ದು; ಕ್ರಮ ತಪ್ಪಿದ ಎರಡು ಬಿಲ್; ಇಲ್ಲದ ಫೈಲ್. ಲೂಪಿನ ದೋಷಗಳು ಅಡಗುವುದು ಅಂಚುಗಳಲ್ಲಿ, ಮತ್ತು ಎರಡು ಮೂರು ರೆಕಾರ್ಡುಗಳ ಫೈಲಿನಲ್ಲಿ ಅಂಚಲ್ಲದ ಜಾಗವೇ ಇರುವುದಿಲ್ಲ. ಪ್ರತಿಯೊಂದಕ್ಕೂ ನಿರೀಕ್ಷಿತ ವರದಿಯನ್ನು ಮೊದಲೇ ಕೈಯಲ್ಲಿ ಬರೆದಿಟ್ಟು ಆಮೇಲೆ ಹೋಲಿಸಿದೆ. ಪ್ರೋಗ್ರಾಮಿನ ಕೊನೆಯಲ್ಲಿ ಈಗ ಎರಡು ಹೋಲಿಕೆಗಳು ನಡೆಯುತ್ತವೆ: ಓದಿದ ಎಣಿಕೆಯು ಸಂಸ್ಕರಿಸಿದ ಮತ್ತು ಬಿಟ್ಟ ಎಣಿಕೆಗಳ ಮೊತ್ತಕ್ಕೆ ಸಮನಾಗಿರಬೇಕು, ಎಣಿಕೆಯೂ ಮಹಾಮೊತ್ತವೂ ನಿಯಂತ್ರಣ ವರದಿಯೊಂದಿಗೆ ತಾಳೆಯಾಗಬೇಕು. ಯಾವುದೊಂದು ತಪ್ಪಿದರೂ ಹೊಸ ಮಾಸ್ಟರ್ ಫೈಲ್ ಬಳಕೆಗೆ ಹೋಗುವುದಿಲ್ಲ.

ಕೊನೆಗೆ ಹಳೆಯ ಮತ್ತು ಹೊಸ ಪ್ರೋಗ್ರಾಮುಗಳನ್ನು ಅದೇ ಹಿಂದಿನ ಬಿಲ್ ಫೈಲುಗಳ ಮೇಲೆ ಓಡಿಸಿ ವರದಿಗಳನ್ನು ಸಾಲುಸಾಲಾಗಿ ಹೋಲಿಸಿದೆ. ಪ್ರತಿ ಜೋಡಿಯಲ್ಲೂ ಮೊತ್ತ ಬೇರೆಯಾದದ್ದು ಎರಡೇ ಸಾಲುಗಳಲ್ಲಿ, ಕೊನೆಯ ಗ್ರಾಹಕನ ಸಾಲು ಮತ್ತು ಮಹಾಮೊತ್ತದ ಸಾಲು, ಮತ್ತು ಎರಡರಲ್ಲೂ ವ್ಯತ್ಯಾಸ ಕೊನೆಯ ಬಿಲ್ಲಿನ ಮೊತ್ತದಷ್ಟೇ ಇತ್ತು. ಮಾಸ್ಟರ್ ಫೈಲಿನಲ್ಲಿ ಹಿಂದಿನ ರನ್ನುಗಳಿಂದ ಹೆಚ್ಚಾಗಿ ಸೇರಿಹೋಗಿರುವ ಮೊತ್ತಗಳನ್ನು ಕಳೆಯುವ ತಿದ್ದುಪಡಿ ಬಿಲ್ಲುಗಳ ಪಟ್ಟಿಯನ್ನು ಈ ಹೋಲಿಕೆಯಿಂದಲೇ ತೆಗೆದು ಲೆಕ್ಕಪತ್ರದವರಿಗೆ ಕೊಟ್ಟೆ. ಇದೇ ಹಳೆಯ ಅಸ್ಥಿಪಂಜರದ ಮೇಲೆ ಕಟ್ಟಿದ ಬೇರೆ ಪ್ರೋಗ್ರಾಮುಗಳೂ ಇವೆ. ಅವುಗಳಲ್ಲಿ, ಲೂಪಾಗಿ ಪರ್ಫಾರ್ಮ್ ಆಗುವ ಪ್ಯಾರಾಗ್ರಾಫಿನ ಮೊದಲ ವಾಕ್ಯವೇ ರೀಡ್ ಆಗಿರುವ ಜಾಗಗಳನ್ನು ಹುಡುಕಿ ಗುರುತು ಮಾಡುವ ಕೆಲಸ ಈಗ ನಡೆಯುತ್ತಿದೆ.